ಪಾಕಶಾಲೆ: ಪಕ್ಕೆಲುಬಿನ ಹದ

ಈ ತಿಂಗಳ ‘ಪಾಕಶಾಲೆ’ಯು ಮಾಂಸಾಹಾರಿಗಳ ಮನೆಗೆ ಸೇರಿದುದು. ಶಾಕಾಹಾರಿಗಳಾದ ವಾಚಕ ಮಹಾಶಯರೂ ಸೋದರಿಯರೂ ನಮ್ಮನ್ನು ಕ್ಷಮಿಸಿ ಮುಂದಿನ ಪುಟಕ್ಕೆ ತೆರಳಬಹುದು. ಕಳೆದ ಎರಡು ತಿಂಗಳು ಹಪ್ಪಳ ಸಂಡಿಗೆಗಳಿಗಾಗಿ ಈ ಅಂಕಣವನ್ನು ಪೂರ್ತಿಯಾಗಿ ಅವರಿಗೇ ಒಪ್ಪಿಸಿದ್ದೆವೆಂಬುದನ್ನು ಅವರು ಮರೆತಿರಲಾರರು.

ಕೊಡಗಿನ ಸೋದರಿಯೊಬ್ಬರು ನಮಗೊಂದು ಕಾಗದವನ್ನು ಬರೆದಿದ್ದರು. ಅವರ ಮಗನು ಅಮೆರಿಕಾ ದೇಶದಲ್ಲಿ ನಾಲ್ಕು ವರ್ಷವಿದ್ದು, ಮೂರು ವಾರಗಳ ರಜೆಯ ಮೇಲೆ ಮನೆಗೆ ಬಂದಿದ್ದನು. ಅಲ್ಲಿ ತಾನು ಮೆಚ್ಚಿ ತಿನ್ನುತ್ತಿದ್ದ, ಹಂದಿಯ ಪಕ್ಕೆಲುಬಿನ ‘ಬಾರ್ಬೆಕ್ಯೂ’ ಎಂಬ ತಿನಿಸನ್ನು ಒಮ್ಮೆ ತಾಯಿಯ ಕೈಯಿಂದ ಮಾಡಿಸಿಕೊಂಡು ತಿನ್ನಬೇಕೆಂದು ಅವನಿಗೆ ಆಸೆ. ಪಂದಿ ಕರಿಯನ್ನು ಕಣ್ಣುಮುಚ್ಚಿ ಮಾಡಬಲ್ಲ ಆ ತಾಯಿಗೆ ಇದೇನು ಮಹಾ ಎನಿಸಿತು. ಪೇಟೆಯಿಂದ ಪಕ್ಕೆಲುಬನ್ನು ತರಿಸಿ, ಮಸಾಲೆ ಹಚ್ಚಿ, ಸಿಹಿಯಾದ ಸಾಸನ್ನು ಬಳಿದು, ಓವನ್ನಿನಲ್ಲಿ 200 ಡಿಗ್ರಿಯ ಕಾವಿಗೆ ಒಂದು ಗಂಟೆ ಇಟ್ಟರು. ಹೊರಗೆ ಇದ್ದಲಾಯಿತು, ಒಳಗೆ ಚಕ್ಕಳವಾಯಿತು. “ಮಗನು ಏನೊಂದೂ ಆಡದೆ ಎರಡು ಎಲುಬು ತಿಂದು ಎದ್ದುಹೋದನು. ಚೆನ್ನಾಗಿಲ್ಲವೆಂದಾದರೂ ಹೇಳಬಾರದಾಗಿತ್ತೆ?” ಎಂದು ಆಕೆ ಬರೆದಿದ್ದರು. ಕಾಗದದ ಕೊನೆಯಲ್ಲಿ ಒಂದೇ ಪ್ರಶ್ನೆ: “ಅವನು ಹೊರಡುವುದರೊಳಗೆ ಇನ್ನೊಮ್ಮೆ ಮಾಡಬೇಕೆಂದಿದ್ದೇನೆ. ಓವನ್ನಿಗೆ ಇಡುವ ಮೊದಲು ಮಾಂಸವನ್ನು ಕುಕ್ಕರಿನಲ್ಲಿ ಎಷ್ಟು ಕೂಗು ಕೂಗಿಸಬೇಕು?”

ರಜೆಯು ಚಿಕ್ಕದು, ಮಾಸಪತ್ರಿಕೆಯು ನಿಧಾನದ್ದು. ಆದುದರಿಂದ ಆಕೆಗೆ ಅಂಚೆಯಲ್ಲಿಯೇ ಉತ್ತರವನ್ನು ಕಳುಹಿಸಿದೆವು. ಒಂದು ಕೂಗೂ ಬೇಡವೆಂಬುದೇ ಆ ಉತ್ತರದ ಸಾರಾಂಶ. ಇದೇ ಪ್ರಶ್ನೆಯು ಇತರ ಮನೆಗಳಲ್ಲಿಯೂ ಇರಬಹುದಾದುದರಿಂದ ಅದರ ವಿವರವನ್ನು ಇಲ್ಲಿ ಬರೆಯುತ್ತೇವೆ.

ಬಾರ್ಬೆಕ್ಯೂ ಎಂದರೆ ಕೆಂಡದ ಮೇಲೆ ಮಾಂಸವನ್ನು ಸುಡುವುದೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಕ್ಯಾನ್ಸಸ್ ಸಿಟಿಯಲ್ಲಿ ಮಗಳ ಮನೆಯಲ್ಲಿ ಕೆಲವು ತಿಂಗಳು ಇರುವವರೆಗೆ ನಾವೂ ಹಾಗೆಯೇ ತಿಳಿದಿದ್ದೆವು. ಅಲ್ಲಿಯವರು ಈ ಎರಡನ್ನೂ ಕಟ್ಟುನಿಟ್ಟಾಗಿ ಬೇರ್ಪಡಿಸುತ್ತಾರೆ. ಉರಿಯ ಮೇಲೆ ಬೇಗನೆ ಸುಡುವುದು ಒಂದು. ಉರಿಯಿಂದ ದೂರವಿಟ್ಟು, ಮಂದವಾದ ಕಾವಿನಲ್ಲಿಯೂ ಕಟ್ಟಿಗೆಯ ಹೊಗೆಯಲ್ಲಿಯೂ ಗಂಟೆಗಟ್ಟಲೆ ಬೇಯಿಸುವುದು ಇನ್ನೊಂದು. ಬಾರ್ಬೆಕ್ಯೂ ಎಂಬ ಹೆಸರು ಅಲ್ಲಿ ಎರಡನೆಯದಕ್ಕೇ ಸಲ್ಲತಕ್ಕದ್ದು. ಆ ಪದವು ಕೆರಿಬಿಯನ್ ದ್ವೀಪಗಳ ಟೈನೋ ಜನರ ಮಾತಿನಿಂದ ಸ್ಪ್ಯಾನಿಷ್ ಭಾಷೆಗೆ ‘ಬಾರ್ಬಕೋವಾ’ ಎಂದು ಬಂದು, ಅಲ್ಲಿಂದ ಇಂಗ್ಲಿಷಿಗೆ ಇಳಿದದ್ದೆಂದು ಬಲ್ಲವರು ಹೇಳುತ್ತಾರೆ. ಬೆಂಕಿಗೆ ಎತ್ತರವಾಗಿ ಕೋಲುಗಳಿಂದ ಕಟ್ಟಿದ ಅಟ್ಟಣೆಗೆ ಆ ಜನರಿಟ್ಟಿದ್ದ ಹೆಸರದು. ನಮ್ಮ ಹಳೆಯ ಅಡುಗೆಮನೆಗಳ ಒಲೆಯ ಮೇಲಣ ಅಟ್ಟವನ್ನು ಕಂಡವರಿಗೆ ಇದು ತೀರ ಅಪರಿಚಿತವೆನಿಸದು. ಕೊಡಗಿನ ಮನೆಗಳಲ್ಲಿ ಬೇಟೆಯ ಮಾಂಸವನ್ನು ಹೊಗೆಗೆ ಒಣಗಿಸಿಡುತ್ತಿದ್ದ ಕಾಲವೊಂದಿತ್ತು.

ಈ ಅಡುಗೆಯ ಹಿಂದೆ ಒಂದು ಕಷ್ಟದ ಕಥೆಯುಂಟು. ಅಮೆರಿಕೆಯ ದಕ್ಷಿಣ ಸೀಮೆಯಲ್ಲಿ ಧಣಿಗಳ ಔತಣಗಳಿಗಾಗಿ ರಾತ್ರಿಯೆಲ್ಲ ಕುಳಿಗಳ ಬಳಿ ಎಚ್ಚರವಿದ್ದು ಬೆಂಕಿಯನ್ನು ಕಾಯುತ್ತಿದ್ದವರು ಬಹುಮಟ್ಟಿಗೆ ಆಫ್ರಿಕದ ಮೂಲದ ಗುಲಾಮರು. 1865ರಲ್ಲಿ ಗುಲಾಮಗಿರಿಯು ರದ್ದಾದ ತರುವಾಯ ಅವರ ಮಕ್ಕಳೂ ಮೊಮ್ಮಕ್ಕಳೂ ಹೊಟ್ಟೆಪಾಡಿಗಾಗಿ ಉತ್ತರದ ಪಟ್ಟಣಗಳಿಗೆ ಹೋದರು. ಅವರ ಕೈಯಲ್ಲಿದ್ದ ವಿದ್ಯೆಯೂ ಅವರೊಡನೆ ಹೋಯಿತು. ಮೆಂಫಿಸ್ ಪಟ್ಟಣದ ಕಡೆಯಿಂದ ಬಂದ ಹೆನ್ರಿ ಪೆರಿ ಎಂಬಾತನು 1908ರ ಸುಮಾರಿಗೆ ಕ್ಯಾನ್ಸಸ್ ಸಿಟಿಯಲ್ಲಿ ಕುಳಿಯ ಹೊಗೆಯಲ್ಲಿ ಬೆಂದ ಮಾಂಸವನ್ನು ವೃತ್ತಪತ್ರಿಕೆಯ ಹಾಳೆಯಲ್ಲಿ ಸುತ್ತಿ ಮಾರತೊಡಗಿದನು. ಆತನು 1940ರಲ್ಲಿ ತೀರಿಕೊಂಡ ಮೇಲೆ ಅಂಗಡಿಯು ಆತನ ಶಿಷ್ಯನಾದ ಚಾರ್ಲಿ ಬ್ರಯಂಟನಿಗೂ, 1946ರಲ್ಲಿ ಅವನ ತಮ್ಮ ಆರ್ಥರ್ ಬ್ರಯಂಟನಿಗೂ ಬಂದಿತು. ಆ ಊರಿನಲ್ಲಿ 1871ರಿಂದ 1991ರವರೆಗೆ ದೊಡ್ಡ ದನದ ಸಂತೆಯೂ ಅದರ ಸುತ್ತಲೂ ಕಸಾಯಿಖಾನೆಗಳೂ ಇದ್ದವು. ಮೆತ್ತನೆಯ ಬೆನ್ನಿನ ಮಾಂಸವು ಹಣವಂತರ ಮನೆಗಳಿಗೆ ಹೋದರೆ, ಎಲುಬು ಹೆಚ್ಚು, ನಾರು ಹೆಚ್ಚು, ಮಾಂಸ ಕಡಿಮೆಯಾದ ಪಕ್ಕೆಯು ಕೂಲಿಯವರ ಕೈಗೆ ಎಟಕುವ ಬೆಲೆಗೆ ಸಿಕ್ಕುತ್ತಿದ್ದಿತು. ಹಣವಿಲ್ಲದವನು ಅದರ ಬದಲಿಗೆ ತನ್ನ ಹೊತ್ತನ್ನು ಕೊಟ್ಟು ಆ ಪಕ್ಕೆಯನ್ನು ಮೆತ್ತಗೆ ಮಾಡಿಕೊಂಡನು. ಈಗ ಅದೇ ಪಕ್ಕೆಗೆ ಅಲ್ಲಿ ಬೆಲೆಯೇರಿ ಕುಳಿತಿರುವುದು ಬೇರೆಯ ಮಾತು.

ಹೊತ್ತನ್ನೇಕೆ ಕೊಡಬೇಕು, ಉರಿಯನ್ನೇ ಹೆಚ್ಚಿಸಿದರಾಗದೆ ಎಂದು ಕೇಳಬಹುದು. ನಮ್ಮ ಕೊಡಗಿನ ಸೋದರಿಯ ತಪ್ಪು ಇಲ್ಲಿಯೇ ಆದುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ.

ಆಡಿನ ಕಾಲಿನ ಸೂಪನ್ನು ಮಾಡಿದ ಮನೆಯವರೆಲ್ಲರೂ ಬಲ್ಲರು: ರಾತ್ರಿ ಉಳಿದ ಸೂಪು ಬೆಳಗಾಗುವಷ್ಟರಲ್ಲಿ ತಣಿದು ಗಟ್ಟಿಯಾಗಿ, ಪಾತ್ರೆಯನ್ನು ಅಲುಗಿಸಿದರೆ ನಡುಗುತ್ತದೆ. ಕಾಲಿನ ನರ ಚರ್ಮ ಕೀಲುಗಳಲ್ಲಿದ್ದ ಕೊಲಾಜನ್ ಎಂಬ ಬಿಗಿಯಾದ ಪದಾರ್ಥವು ಬಹಳ ಹೊತ್ತಿನ ಕಾವಿಗೆ ಕರಗಿ ಜೆಲಟಿನ್ ಎಂಬ ಲೋಳೆಯಾದದ್ದೇ ಇದಕ್ಕೆ ಕಾರಣ. ಉಸಿರಾಟಕ್ಕೆ ಸದಾ ಅಲುಗುವ ಪಕ್ಕೆಯ ಮಾಂಸದಲ್ಲಿಯೂ ಈ ಕೊಲಾಜನ್ ಎಳೆಎಳೆಯಾಗಿ ಹರಡಿಕೊಂಡಿದೆ. ಅದು ಕರಗಿದಲ್ಲದೆ ಮಾಂಸವು ಮೆತ್ತಗಾಗದು. ಮಾಂಸದ ಒಳಗಣ ಕಾವು 63 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟಿ ಮೂರು ನಿಮಿಷ ನಿಂತರೆ ಹಂದಿಯ ಇಡೀ ತುಂಡುಗಳನ್ನು ತಿನ್ನಲು ಅಪಾಯವಿಲ್ಲವೆಂದು ಅಮೆರಿಕೆಯ ಸರ್ಕಾರದ ಕೃಷಿ ಇಲಾಖೆಯವರು 2011ರಲ್ಲಿ ತಿಳಿಸಿದ್ದಾರೆ. ಆದರೆ ಅಪಾಯವಿಲ್ಲದ ಮಾಂಸವೆಲ್ಲವೂ ಮೆತ್ತನೆಯ ಮಾಂಸವಲ್ಲ. ಆ ಕಾವಿನಲ್ಲಿ ಮಾಂಸದ ಎಳೆಗಳು ಬಿಗಿದುಕೊಂಡು ನೀರನ್ನು ಹಿಂಡಿ ಹೊರಹಾಕತೊಡಗುತ್ತವೆ, ಕೊಲಾಜನ್ ಮಾತ್ರ ಇನ್ನೂ ಕರಗಿರುವುದಿಲ್ಲ. 70 ಡಿಗ್ರಿ ದಾಟಿದ ಮೇಲೆ ಅದು ಮೆಲ್ಲಮೆಲ್ಲಗೆ ಕರಗಲಾರಂಭಿಸಿ, ಒಳಗಣ ಕಾವು 90ರಿಂದ 95ರವರೆಗೆ ಬರುವಷ್ಟರಲ್ಲಿ ಕೆಲಸವು ಮುಗಿಯುತ್ತದೆ. ಎಳೆಗಳು ಕಳೆದುಕೊಂಡ ನೀರಿನ ಸ್ಥಾನವನ್ನು ಕರಗಿದ ಜೆಲಟಿನ್ ತುಂಬಿ ಬಾಯಿಗೆ ರಸವೆನಿಸುತ್ತದೆ. ಈ ಕರಗುವ ಕೆಲಸಕ್ಕೆ ಕಾವಿನಷ್ಟೇ ಹೊತ್ತೂ ಬೇಕು. 200 ಡಿಗ್ರಿಯ ಓವನ್ನಿನಲ್ಲಿ ಒಂದು ಗಂಟೆ ಇಟ್ಟರೆ ಹೊರಪದರವು ಒಣಗಿ, ಸಾಸಿನ ಸಕ್ಕರೆಯು ಸುಟ್ಟು ಕಹಿಯಾಗಿ, ಒಳಗೆ ಎಳೆಗಳು ಬಿಗಿದ ಸ್ಥಿತಿಯಲ್ಲಿಯೇ ಹೊತ್ತು ಮುಗಿದುಹೋಗುತ್ತದೆ. ಆಕೆಯ ಮಗನ ತಟ್ಟೆಗೆ ಬಂದದ್ದು ಅದೇ.

ಇನ್ನು ಕುಕ್ಕರಿನ ಮಾತು. ನಾವು ಕುಕ್ಕರಿನ ಶತ್ರುಗಳಲ್ಲ. ಅದರೊಳಗಣ ಆವಿಯು 120 ಡಿಗ್ರಿಯ ಸಮೀಪಕ್ಕೆ ಏರುವುದರಿಂದ ಕೊಲಾಜನ್ ಅರ್ಧ ಗಂಟೆಯಲ್ಲಿಯೇ ಕರಗುವುದು ನಿಜ. ಆದರೆ ನೀರಿನಲ್ಲಿ ಮುಳುಗಿಸಿ ಬೇಯಿಸಿದರೆ ಮಾಂಸದ ರುಚಿಯು ನೀರಿಗಿಳಿಯುತ್ತದೆ. ಸಾರು ಮಾಡುವವರಿಗೆ ಅದು ಲಾಭ, ಎಲುಬನ್ನು ಕೈಯಲ್ಲಿ ಹಿಡಿದು ತಿನ್ನಬೇಕೆನ್ನುವವರಿಗೆ ನಷ್ಟ. ಮಸಾಲೆಯೂ ಮಾಂಸದ ರಸವೂ ಒಣಕಾವಿನಲ್ಲಿ ಒಂದಾಗಿ ಕಟ್ಟುವ ಕಪ್ಪುಗೆಂಪು ಹೊರಪದರವು ಕುಕ್ಕರಿನಲ್ಲಿ ಹುಟ್ಟುವುದೇ ಇಲ್ಲ, ಮತ್ತು ಪಕ್ಕೆಲುಬಿನ ಸೊಗಸು ಅರ್ಧಕ್ಕರ್ಧ ಆ ಪದರದಲ್ಲಿದೆ. ಇಷ್ಟಾದರೂ ಹೊತ್ತಿಲ್ಲವೆನ್ನುವವರು ಒಳಗೊಂದು ಜಾಲರಿಯನ್ನಿಟ್ಟು, ನೀರು ಮಾಂಸಕ್ಕೆ ತಾಕದಂತೆ ಆವಿಯಲ್ಲಿ ಇಪ್ಪತ್ತೈದು ನಿಮಿಷ ಬೇಯಿಸಿ, ಅನಂತರ ಓವನ್ನಿನಲ್ಲಿ ಅರ್ಧ ಗಂಟೆ ಒಣಗಿಸಿ ಸಾಸು ಬಳಿಯಬಹುದು. ತಿನ್ನುವುದಕ್ಕೆ ಅಡ್ಡಿಯಿಲ್ಲ. ನಾಲ್ಕು ವರ್ಷ ಅಮೆರಿಕೆಯಲ್ಲಿದ್ದ ಹುಡುಗನು ಮಾತ್ರ ಮೊದಲ ತುತ್ತಿನಲ್ಲಿಯೇ ಕಂಡುಹಿಡಿಯುವನು.

ಕೆಲಸವು ಒಲೆಯ ಮುಂದಲ್ಲ, ಮಾಂಸದ ಅಂಗಡಿಯ ಮುಂದೆ ಆರಂಭವಾಗುತ್ತದೆ. ನಮ್ಮ ಅಂಗಡಿಯವರಿಗೆ ಪಕ್ಕೆ ಬೇಕೆಂದು ಹೇಳಿದರೆ ಸಾಕು, ನಾವು ಬಾಯಿ ತೆರೆಯುವಷ್ಟರಲ್ಲಿ ಕತ್ತಿಯೆತ್ತಿ ಎಲುಬುಗಳನ್ನು ಅಡ್ಡಲಾಗಿ ಕಡಿದು ಎರಡು ಬೆರಳಗಲದ ತುಂಡುಗಳನ್ನಾಗಿ ಮಾಡಿ ಕಟ್ಟಿಕೊಡುತ್ತಾರೆ. ಪಲ್ಯಕ್ಕೂ ಸಾರಿಗೂ ಅದು ಸರಿ. ನಾಲ್ಕು ಗಂಟೆ ಒಣಕಾವಿನಲ್ಲಿರಬೇಕಾದ ಮಾಂಸಕ್ಕೆ ಅದು ಮರಣವೇ ಸರಿ: ಕಡಿದ ಮುಖಗಳು ಹೆಚ್ಚಿದಷ್ಟೂ ರಸವು ಸೋರುತ್ತದೆ, ಎಲುಬಿನ ಚೂರುಗಳು ಹಲ್ಲಿಗೆ ಸಿಕ್ಕುತ್ತವೆ. ಆದಕಾರಣ ಒಂದು ದಿನ ಮೊದಲೇ ಹೇಳಿಟ್ಟು, ಎಂಟು ಹತ್ತು ಎಲುಬುಗಳು ಕೂಡಿಕೊಂಡಿರುವಂತೆಯೇ ಒಂದು ಹಲಗೆಯನ್ನು ಇಡಿಯಾಗಿ ತರಬೇಕು, ಮೇಲಿನ ತೊಗಲನ್ನು ತೆಗೆಸಬೇಕು. ಬೆನ್ನೆಲುಬಿಗೆ ಹತ್ತಿರವಾದ ಚಿಕ್ಕ ಬಾಗಿದ ಎಲುಬುಗಳ ಹಲಗೆಯನ್ನು ಅಮೆರಿಕೆಯವರು ‘ಬೇಬಿ ಬ್ಯಾಕ್’ ಎನ್ನುತ್ತಾರೆ. ಹೆಸರನ್ನು ಕೇಳಿ ಎಳೆಯ ಮರಿಯದ್ದೆಂದು ತಿಳಿಯಬೇಕಾಗಿಲ್ಲ, ಎಲುಬು ಗಿಡ್ಡವೆಂದಷ್ಟೇ ಅರ್ಥ. ಹೊಟ್ಟೆಯ ಕಡೆಗಿರುವ ಉದ್ದವಾದ ಚಪ್ಪಟೆ ಎಲುಬುಗಳದ್ದು ‘ಸ್ಪೇರ್ ರಿಬ್’. ಅದರ ಅಂಚಿನ ಮೆದು ಎಲುಬನ್ನು ಕತ್ತರಿಸಿ ನೀಟಾದ ಆಯತವಾಗಿ ಮಾಡಿದರೆ ಅದಕ್ಕೆ ಸೇಂಟ್ ಲೂಯಿಸ್ ಊರಿನ ಹೆಸರು. ಮೊದಲನೆಯದು ಬೇಗ ಬೇಯುತ್ತದೆ. ಎರಡನೆಯದರಲ್ಲಿ ಕೊಬ್ಬು ಹೆಚ್ಚು, ರುಚಿಯೂ ನಮ್ಮ ಎಣಿಕೆಯಲ್ಲಿ ಹೆಚ್ಚು, ಹೊಸಬರ ತಪ್ಪುಗಳನ್ನು ಮನ್ನಿಸುವ ಗುಣವೂ ಹೆಚ್ಚು.

ಮನೆಗೆ ತಂದ ಹಲಗೆಯನ್ನು ಮಗುಚಿ ಎಲುಬಿನ ಕಡೆಯನ್ನು ನೋಡಿದರೆ ಬಿಳುಪಾದ ತೆಳು ಪೊರೆಯೊಂದು ಕಾಣುತ್ತದೆ. ಅದು ಎಷ್ಟು ಬೇಯಿಸಿದರೂ ಕಾಗದದಂತೆ ಉಳಿಯುತ್ತದೆ, ಮಸಾಲೆಯನ್ನೂ ಒಳಕ್ಕೆ ಬಿಡುವುದಿಲ್ಲ. ಚಮಚದ ಹಿಡಿಯನ್ನು ಒಂದು ಎಲುಬಿನ ಮೇಲೆ ಪೊರೆಯ ಅಡಿಯಲ್ಲಿ ತೂರಿಸಿ ಸಡಿಲಿಸಿ, ಒಣ ಬಟ್ಟೆಯ ತುಂಡಿನಿಂದ ಬಿಗಿಯಾಗಿ ಹಿಡಿದು ಎಳೆದರೆ ಪೂರ್ತಿಯಾಗಿ ಬಿಚ್ಚಿಕೊಳ್ಳುತ್ತದೆ. ಬರಿಗೈಗೆ ಜಾರುತ್ತದೆ, ಬಟ್ಟೆಯನ್ನು ಮರೆಯಬಾರದು.

ಹಿಂದಿನ ರಾತ್ರಿಯೇ ಉಪ್ಪು ಹಚ್ಚಿಡುವುದು ಉತ್ತಮ. ಒಂದು ಕಿಲೋ ಪಕ್ಕೆಗೆ ಎರಡು ಟೀ ಚಮಚ ಪುಡಿಯುಪ್ಪು ಸಾಕು. ಮರುದಿನ ಒಣಮಸಾಲೆ: ಎರಡು ದೊಡ್ಡ ಚಮಚ ಪುಡಿಬೆಲ್ಲ, ಒಂದು ದೊಡ್ಡ ಚಮಚ ಮೆಣಸಿನಪುಡಿ, ಒಂದು ಟೀ ಚಮಚ ಕಾಳುಮೆಣಸಿನ ಪುಡಿ, ಸ್ವಲ್ಪ ಸಾಸಿವೆಪುಡಿ, ಸ್ವಲ್ಪ ಒಣಬೆಳ್ಳುಳ್ಳಿಯ ಪುಡಿ. ಅಲ್ಲಿಯವರು ಪ್ಯಾಪ್ರಿಕಾ ಎಂಬ, ಬಣ್ಣ ಹೆಚ್ಚಾಗಿಯೂ ಖಾರ ಕಡಿಮೆಯಾಗಿಯೂ ಇರುವ ಮೆಣಸಿನಪುಡಿಯನ್ನು ಹಾಕುತ್ತಾರೆ. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಗುಣವೂ ಅದೇ ಆಗಿರುವಾಗ ಸೀಸೆಯಲ್ಲಿ ಬರುವ ಪ್ಯಾಪ್ರಿಕಾಕ್ಕೆ ದುಡ್ಡು ಸುರಿಯುವುದು ನಮಗೆ ಸರಿಗಾಣದು. ಗುಂಟೂರಿನ ಮೆಣಸನ್ನು ಇದಕ್ಕೆ ಉಪಯೋಗಿಸಕೂಡದು. ಒಣಮಸಾಲೆಯ ವಿಷಯದಲ್ಲಿ ಊರೂರಿಗೆ ಹಟವುಂಟು. ಮೆಂಫಿಸಿನಲ್ಲಿ 1948ರಲ್ಲಿ ಚಾರ್ಲಿ ವರ್ಗೋಸ್ ಎಂಬಾತನು ನೆಲಮಾಳಿಗೆಯಲ್ಲಿ ತೆರೆದ ‘ರಾಂಡೆವೂ’ ಎಂಬ ಭೋಜನಶಾಲೆಯು ಒಣಮಸಾಲೆಯ ಪಕ್ಕೆಲುಬಿಗೇ ಹೆಸರಾಯಿತು. ಕ್ಯಾನ್ಸಸ್ ಸಿಟಿಯವರಿಗೆ ಟೊಮ್ಯಾಟೋ ಬೆಲ್ಲಗಳ ದಪ್ಪ ಸಾಸಿಲ್ಲದೆ ಊಟ ಸಾಗದು. ಈ ಜಗಳದಲ್ಲಿ ನಾವು ತಲೆಹಾಕುವುದಿಲ್ಲ.

ಓವನ್ನನ್ನು 120 ಡಿಗ್ರಿ ಸೆಂಟಿಗ್ರೇಡಿಗೆ ತಿರುಗಿಸಿ ಕಾಯಿಸಬೇಕು. ಇಲ್ಲೊಂದು ಎಚ್ಚರಿಕೆ: ಮನೆಯ ಚಿಕ್ಕ ಓವನ್ನುಗಳ ಗುಂಡಿಯ ಮೇಲೆ ಬರೆದಿರುವ ಅಂಕಿಗೂ ಒಳಗಿರುವ ಕಾವಿಗೂ ಹತ್ತಿಪ್ಪತ್ತು ಡಿಗ್ರಿಗಳ ಅಂತರವಿರುವುದು ಸಾಮಾನ್ಯ. ಒಳಗೆ ತೂಗಹಾಕುವ ಉಷ್ಣಮಾಪಕವೊಂದನ್ನು ಕೊಂಡರೆ ಈ ಸಂಶಯವು ತೀರುತ್ತದೆ, ಅದರ ಬೆಲೆಯೂ ದೊಡ್ಡದಲ್ಲ. ಮೇಲಿನ ಕಾವಿನ ಸರಳನ್ನು ಆರಿಸಿ ಕೆಳಗಿನದನ್ನು ಮಾತ್ರ ಉರಿಸಬೇಕು. ಹಲಗೆಯು ಹಿಡಿಸದಿದ್ದರೆ ಎರಡು ಎಲುಬುಗಳ ನಡುವೆ ಕೊಯ್ದು ಎರಡು ಭಾಗ ಮಾಡಬಹುದು. ಜಾಲರಿಯ ಮೇಲೆ ಎಲುಬಿನ ಕಡೆಯು ಕೆಳಗಾಗುವಂತೆ ಇಟ್ಟು, ಕೆಳಗೊಂದು ತಟ್ಟೆಯಲ್ಲಿ ಎರಡು ಲೋಟ ನೀರಿಟ್ಟು, ಬಾಗಿಲನ್ನು ಮುಚ್ಚಿ, ಎರಡೂವರೆ ಗಂಟೆಗಳವರೆಗೆ ಅದನ್ನು ಮರೆಯತಕ್ಕದ್ದು. ಅಂಗಳದಲ್ಲಿ ಇದ್ದಲಿನ ಮುಚ್ಚಳವುಳ್ಳ ಒಲೆಯಿದ್ದವರು ಕೆಂಡವನ್ನೆಲ್ಲ ಒಂದು ಪಕ್ಕಕ್ಕೆ ತಳ್ಳಿ, ಮಾಂಸವನ್ನು ಇನ್ನೊಂದು ಪಕ್ಕಕ್ಕಿಟ್ಟು, ಕೆಂಡದ ಮೇಲೆ ಆಗಾಗ ಒಣಗಿದ ಗಟ್ಟಿ ಕಟ್ಟಿಗೆಯ ತುಂಡೊಂದನ್ನು ಹಾಕಬಹುದು. ಅಲ್ಲಿ ಹಿಕರಿ, ಓಕ್, ಸೇಬಿನ ಮರಗಳು. ಕೊಡಗಿನವರಿಗೆ ಕಾಫಿ ಗಿಡದ ಒಣಗಟ್ಟಿಗೆಯು ಹಿತ್ತಿಲಲ್ಲಿಯೇ ಇದೆ. ಅಂಟು ಸೋರುವ ಮರವನ್ನೂ ಬಣ್ಣ ಬಳಿದ ಹಲಗೆಗಳನ್ನೂ ಸುಡಕೂಡದು, ಆ ಹೊಗೆಯು ಕಹಿ ಮಾತ್ರವಲ್ಲ, ಆರೋಗ್ಯಕ್ಕೂ ಕೆಟ್ಟದ್ದು.

ಮರೆಯತಕ್ಕದ್ದೆಂದೆವು. ಇದನ್ನು ಹೇಳುವುದು ಸುಲಭವೆಂಬುದು ನಮಗೆ ಅನುಭವದಿಂದ ಗೊತ್ತು. ಮಗಳ ಮನೆಯಲ್ಲಿ ನಾವು ಮೊದಲ ಸಲ ಇದನ್ನು ಕೈಗೆತ್ತಿಕೊಂಡ ದಿನ ಸಂಜೆ ಆರಕ್ಕೆ ಅಳಿಯಂದಿರ ಸ್ನೇಹಿತರು ಊಟಕ್ಕೆ ಬರುವವರಿದ್ದರು. ಮೂರನೆಯ ಗಂಟೆಯಲ್ಲಿ ತೆಗೆದು ನೋಡಿದರೆ ಮಾಂಸವು ಕಟ್ಟಿಗೆಯಂತೆ ಸೆಟೆದುಕೊಂಡಿತ್ತು. ಒಳಗಣ ಕಾವು 70 ಡಿಗ್ರಿಯ ಆಸುಪಾಸಿನಲ್ಲಿ ಕುಳಿತು ಮೇಲಕ್ಕೇಳಲೊಲ್ಲದು. ಹದಿನೈದು ನಿಮಿಷಕ್ಕೊಮ್ಮೆ ಬಾಗಿಲನ್ನು ತೆರೆದೆವು, ಕೊನೆಗೆ ಧೈರ್ಯಗೆಟ್ಟು ಕಾವನ್ನು ಇಮ್ಮಡಿ ಮಾಡಿದೆವು. ಅತಿಥಿಗಳು ಸಭ್ಯರು. “ಚೆನ್ನಾಗಿದೆ” ಎಂದು ಹೇಳಿ ಅನ್ನ ಸಾರುಗಳನ್ನು ಎರಡೆರಡು ಸಲ ಬಡಿಸಿಕೊಂಡರು. ಮರುದಿನ ಪಕ್ಕದ ಮನೆಯ ಮುದುಕರು ಬೇಲಿಯಾಚೆಯಿಂದ ನಮ್ಮ ಕಥೆಯನ್ನು ಕೇಳಿ ನಕ್ಕು, “ಅಮ್ಮಾ, ಅದು ನಿಂತಿದ್ದಲ್ಲ, ಬೆವರುತ್ತಿತ್ತು” ಎಂದರು.

ಅವರ ಮಾತು ಅಕ್ಷರಶಃ ಸತ್ಯ. ಮಣ್ಣಿನ ಹೂಜಿಯ ಮೈಮೇಲೆ ಜಿನುಗಿದ ನೀರು ಆವಿಯಾಗಿ ಹೋಗುತ್ತ ಒಳಗಣ ನೀರನ್ನು ಹೇಗೆ ತಂಪಾಗಿಡುತ್ತದೆಯೋ, ಹಾಗೆಯೇ ಬೇಯುವ ಮಾಂಸದ ಮೈಯಿಂದ ಹೊರಬರುವ ರಸವು ಆವಿಯಾಗುತ್ತ ಮಾಂಸವನ್ನು ತಂಪುಗೊಳಿಸುತ್ತಿರುತ್ತದೆ. ಓವನ್ನು ಕೊಡುವ ಕಾವೂ ಆವಿಯು ಕದಿಯುವ ಕಾವೂ ಸರಿಸಮವಾದಾಗ ಮುಳ್ಳು ಮೇಲಕ್ಕೇಳದೆ ನಿಂತುಬಿಡುತ್ತದೆ. ದಪ್ಪನೆಯ ಎದೆಮಾಂಸದಲ್ಲಿ ಇದು ಗಂಟೆಗಟ್ಟಲೆ ಉಂಟು, ತೆಳ್ಳಗಿರುವ ಪಕ್ಕೆಯಲ್ಲಿ ಅಷ್ಟಿಲ್ಲ. ಹೊಸಬರು ಉರಿಯನ್ನು ಹೆಚ್ಚಿಸಿ ಕೆಡುವುದು ಈ ಘಟ್ಟದಲ್ಲಿಯೇ. ಮೈಯ ನೀರು ಆರಿದ ಮೇಲೆ ಮುಳ್ಳು ತಾನಾಗಿ ಏರುತ್ತದೆ. ಕಾಯಲಾರದವರಿಗೆ ಒಂದು ಉಪಾಯವುಂಟು, ಟೆಕ್ಸಾಸಿನ ಊರುಗೋಲೆಂದು ಅಲ್ಲಿಯವರು ಅದನ್ನು ಹಾಸ್ಯ ಮಾಡುತ್ತಾರೆ. ಎರಡೂವರೆ ಗಂಟೆಯಾಗಿ ಮೈಗೆ ಒಳ್ಳೆಯ ಬಣ್ಣ ಬಂದೊಡನೆ ಹಲಗೆಯನ್ನು ಎರಡು ಪದರ ಅಲ್ಯುಮಿನಿಯಂ ಹಾಳೆಯಲ್ಲಿಟ್ಟು, ಎರಡು ಚಮಚ ನೀರನ್ನೋ ಸೇಬಿನ ರಸವನ್ನೋ ಚಿಮುಕಿಸಿ, ಬಿಗಿಯಾಗಿ ಸುತ್ತಿ ಮತ್ತೆ ಓವನ್ನಿಗಿಡುವುದು. ಆವಿಗೆ ಹೊರಗೆ ಹೋಗಲು ದಾರಿಯಿಲ್ಲವಾಗಿ ತಂಪಾಗುವುದು ನಿಲ್ಲುತ್ತದೆ. ಹೊರಪದರವು ಸ್ವಲ್ಪ ಮೆತ್ತಗಾಗುವುದೊಂದೇ ದೋಷ. ಊರುಗೋಲನ್ನು ಹಿಡಿದರೂ ಊರು ಸೇರಿದರಾಯಿತೆಂಬ ಪಕ್ಷದವರು ನಾವು.

ಸುತ್ತಿದ ಮೇಲೆ ಒಂದು ಗಂಟೆ, ಸ್ಪೇರ್ ರಿಬ್ಬಾದರೆ ಒಂದೂವರೆ. ಗಡಿಯಾರವು ಹೇಳುವುದು ಅಂದಾಜು ಮಾತ್ರ, ಹದವನ್ನು ಮಾಂಸವೇ ಹೇಳಬೇಕು. ಹಲಗೆಯ ಒಂದು ತುದಿಯನ್ನು ಇಕ್ಕುಳದಿಂದ ಎತ್ತಿದರೆ ಇನ್ನೊಂದು ತುದಿಯು ಜೋತುಬಿದ್ದು ಬಾಗಿ ಮೈಮೇಲೆ ಬಿರುಕು ಕಾಣಿಸಬೇಕು. ಎಲುಬುಗಳ ನಡುವೆ ಹಲ್ಲುಕಡ್ಡಿಯನ್ನು ಚುಚ್ಚಿದರೆ ಬೆಂದ ಗೆಣಸಿನಲ್ಲಿ ಹೋಗುವಂತೆ ಹೋಗಬೇಕು. ಎಲುಬಿನ ತುದಿಗಳಿಂದ ಮಾಂಸವು ಬೆರಳಗಲಕ್ಕೆ ಸ್ವಲ್ಪ ಕಡಿಮೆಯಾಗಿ ಹಿಂಜರಿದಿರಬೇಕು. ಎತ್ತಿದಾಗ ಹಲಗೆಯೇ ಹರಿದು ಬಿದ್ದರೆ ಹದವು ದಾಟಿತೆಂದು ತಿಳಿಯಬೇಕು. ಎಲುಬಿನಿಂದ ತಾನಾಗಿ ಉದುರುವ ಮಾಂಸವೇ ಉತ್ತಮವೆಂದು ಮನೆಮನೆಗಳಲ್ಲಿ ಹೊಗಳುವುದುಂಟು. ಆದರೆ 1980ರ ದಶಕದಲ್ಲಿ ಹುಟ್ಟಿದ ಕ್ಯಾನ್ಸಸ್ ಸಿಟಿಯ ಬಾರ್ಬೆಕ್ಯೂ ಸಂಘದ ಪಂದ್ಯಗಳಲ್ಲಿ ಅಂಥದ್ದನ್ನು ಹೆಚ್ಚು ಬೆಂದುದೆಂದು ಎಣಿಸುತ್ತಾರೆ. ಕಚ್ಚಿದಷ್ಟು ಮಾತ್ರ ಬಿಟ್ಟುಬಂದು, ಎಲುಬಿನ ಮೇಲೆ ಹಲ್ಲಿನ ಗುರುತು ನಿಲ್ಲಬೇಕೆಂಬುದು ಅವರ ಶಾಸ್ತ್ರ. ನಮ್ಮ ಮನಸ್ಸು ಸಂಘದವರ ಕಡೆಗೆ. ಮನೆಯಲ್ಲಿ ಹಲ್ಲಿಲ್ಲದ ಹಿರಿಯರಿದ್ದರೆ ಇನ್ನರ್ಧ ಗಂಟೆ ಹೆಚ್ಚಾಗಿ ಬೇಯಿಸಲು ಸಂಘದವರ ಅಪ್ಪಣೆ ಬೇಕಾಗಿಲ್ಲ.

ಸಾಸು ಕಟ್ಟಕಡೆಯದು. ಅದರಲ್ಲಿ ಸಕ್ಕರೆಯಿರುವುದರಿಂದ ಮೊದಲೇ ಬಳಿದರೆ ಕಪ್ಪಾಗುತ್ತದೆ. ಅರ್ಧ ಲೋಟ ಟೊಮ್ಯಾಟೋ ಕೆಚಪ್, ಎರಡು ಚಮಚ ಬೆಲ್ಲ, ಒಂದು ಚಮಚ ವಿನೆಗರ್, ಚಿಟಿಕೆ ಮೆಣಸಿನಪುಡಿ, ಇವನ್ನು ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿದರೆ ಮನೆಯ ಮಟ್ಟಿಗೆ ಸಾಕು. ಹಾಳೆಯನ್ನು ಬಿಚ್ಚಿ, ತೆಳ್ಳಗೆ ಬಳಿದು, ಓವನ್ನಿನಲ್ಲಿ ಇಪ್ಪತ್ತು ನಿಮಿಷ ತೆರೆದಿಟ್ಟರೆ ಅದು ಮಾಂಸಕ್ಕೆ ಕಚ್ಚಿಕೊಂಡು ಹೊಳೆಯುತ್ತದೆ. ಕೊಡಗಿನ ಸೋದರಿಗೆ ನಾವು ವಿನೆಗರಿನ ಬದಲು ಅವರ ಮನೆಯ ಕಾಚಂಪುಳಿಯನ್ನು ಹಾಕಬಹುದೆಂದು ಬರೆದೆವು. ಆ ಕಪ್ಪು ಹುಳಿಯ ಬಿರುಸು ಬಲ್ಲವರಿಗೇ ಗೊತ್ತು, ಅರ್ಧ ಟೀ ಚಮಚಕ್ಕಿಂತ ಹೆಚ್ಚಾಗಕೂಡದು. ಹೊರತೆಗೆದ ಮೇಲೆ ಹತ್ತು ನಿಮಿಷ ಸುಮ್ಮನೆ ಬಿಟ್ಟು, ಮಗುಚಿ, ಎಲುಬಿನ ಕಡೆಯಿಂದ ನೋಡಿಕೊಂಡು ಕೊಯ್ದರೆ ಕತ್ತಿಯು ತಪ್ಪುವುದಿಲ್ಲ. ರಾತ್ರಿ ಎಂಟರ ಊಟಕ್ಕೆ ಮಧ್ಯಾಹ್ನ ಎರಡೂವರೆಗೇ ಆರಂಭಿಸಬೇಕು. ಬೇಗನೆ ಮುಗಿದರೆ ಹಾಳೆಯಲ್ಲಿ ಸುತ್ತಿ, ದಪ್ಪ ಬಟ್ಟೆಯನ್ನು ಹೊದಿಸಿ, ಒಂದು ಗಂಟೆಯವರೆಗೆ ಬಿಸಿಯಾಗಿಡಬಹುದು. ತಡವಾದರೆ ಮಾತ್ರ ಮಾಡುವುದಕ್ಕೇನೂ ಇಲ್ಲ.

ಇಷ್ಟನ್ನು ಬರೆದು ಅಚ್ಚಿಗೆ ಕೊಡುವಷ್ಟರಲ್ಲಿ ಆಕೆಯ ಎರಡನೆಯ ಕಾಗದವು ಬಂದಿತು. ಮಗನು ಹೊರಡುವ ಎರಡು ದಿನ ಮೊದಲು ಪಕ್ಕೆಯನ್ನು ಇಡಿಯಾಗಿ ತರಿಸಿ ಬೇಯಿಸಲು ಇಟ್ಟರಂತೆ. ಹಾಳೆಯಲ್ಲಿ ಸುತ್ತಿ ಇನ್ನೂ ಕಾಲು ಗಂಟೆಯಾಗಿರಲಿಲ್ಲ, ಮಳೆಗಾಳಿಗೆ ಕರೆಂಟು ಹೋಯಿತು. ಆಕೆ ಇಪ್ಪತ್ತು ನಿಮಿಷ ಬಾಗಿಲನ್ನು ತೆರೆಯದೆ ಕಾದರು. ಬರುವ ಲಕ್ಷಣ ಕಾಣದಿರಲು, ಕಟ್ಟನ್ನು ಬಿಚ್ಚದೆ ಹಾಗೆಯೇ ಪಂದಿ ಕರಿ ಮಾಡುವ ದಪ್ಪ ತಳದ ಪಾತ್ರೆಯೊಳಗೆ ಜಾಲರಿಯ ಮೇಲಿಟ್ಟು, ಮುಚ್ಚಳ ಮುಚ್ಚಿ, ಸೌದೆಯೊಲೆಯ ಕೆಂಡದ ಮೇಲೆ ಇಳಿಸಿದರು. ಮುಚ್ಚಳದ ಮೇಲೆಯೂ ನಾಲ್ಕು ಕೆಂಡಗಳನ್ನಿಟ್ಟರು. ಒಂದೂಕಾಲು ಗಂಟೆಯ ಮೇಲೆ ತೆಗೆದಾಗ ಕಡ್ಡಿಯು ಸಲೀಸಾಗಿ ಹೋಯಿತಂತೆ. ಮಗನು ಆರು ಎಲುಬು ತಿಂದು, ಸಾಸಿನಲ್ಲಿ ಬೆಲ್ಲ ಸ್ವಲ್ಪ ಹೆಚ್ಚಾಯಿತೆಂದನಂತೆ. “ಈ ಸಲ ಬಾಯಿಬಿಟ್ಟು ತಪ್ಪು ಹೇಳಿದನಲ್ಲ, ಅಷ್ಟು ಸಾಕು ನನಗೆ” ಎಂದು ಆಕೆ ಬರೆದಿದ್ದಾರೆ.

ಕರೆಂಟು ಹೋಗುವ ಊರುಗಳ ಇತರ ಸೋದರಿಯರು ಇದರೊಡನೆ ಒಂದನ್ನು ಗಮನಿಸಬೇಕು. ಆಕೆಯ ಮಾಂಸವು ಆಗಲೇ ಎರಡೂವರೆ ಗಂಟೆ ಬೆಂದು ಒಳಗೆಲ್ಲ ಚೆನ್ನಾಗಿ ಬಿಸಿಯಾಗಿದ್ದುದರಿಂದ ಇಪ್ಪತ್ತು ನಿಮಿಷ ಕಾದದ್ದು ತಪ್ಪಾಗಲಿಲ್ಲ. ಇಟ್ಟ ಮೊದಲ ಅರ್ಧ ಗಂಟೆಯಲ್ಲಿಯೇ ಕರೆಂಟು ಹೋದರೆ, ಅರೆಬಿಸಿಯಾದ ಹಸಿಮಾಂಸವನ್ನು ಮುಚ್ಚಿದ ಓವನ್ನಿನಲ್ಲಿ ಬಿಟ್ಟುಕೊಂಡು ಕಾಯಕೂಡದು, ಕೂಡಲೇ ಒಲೆಗೆ ವರ್ಗಾಯಿಸಬೇಕು.